ಇಂಗ್ಲಿಷ್ ಪದಗಳು ಬಡವರ ಮಕ್ಕಳಿಗೂ ದಕ್ಕಲಿ

ಕಳೆದ ವಾರ ನಮ್ಮ ಪತ್ರಿಕೆಯ ಕಚೇರಿಗೆ ಹತ್ತಿರದ ಹಳ್ಳಿಯೊಂದರಿಂದ ಒಬ್ಬ ಹುಡುಗ ಬಂದಿದ್ದ. ತಂದೆ ಎರಡು ಎಕರೆ ಖುಷ್ಕಿ ಜಮೀನಿನ ರೈತರು. ತಾಯಿ ಸುಗ್ಗಿಯ ಕಾಲದಲ್ಲಿ ಕೂಲಿಗೆ ಹೋಗುವವರು. ಹುಡುಗ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್.ಎಸ್.ಎಲ್.ಸಿ.ಯಲ್ಲಿ ಊರಿಗೇ ಮೊದಲಿಗನಾಗಿ ತೇರ್ಗಡೆ ಹೊಂದಿ, ಪಟ್ಟಣದ ಕಾಲೇಜಿನಲ್ಲಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿ ಮೂರು ತಿಂಗಳಾಗಿದೆಯಂತೆ. "ಕಾಲೇಜು ಬಿಡ್ತೀನಿ ಸಾರ್, ಪ್ರೆಸ್ಸಲ್ಲಿ ಏನಾದ್ರೂ ಕೆಲಸ ಇದ್ರೆ ಕೊಡಿ" ಎಂದು ಕೇಳಲು ಬಂದಿದ್ದ.

ಯಾಕಪ್ಪಾ ಎಂದು ಕೇಳಿದಾಗ ಅವನು ಮಾತಾಡಲಿಲ್ಲ. ಚೀಲದಿಂದ 200 ಪುಟದ ನೋಟ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದರ ತುಂಬ ಇಂಗ್ಲಿಷ್ ಪದಗಳು, ಎದುರಿಗೆ ಕನ್ನಡ ಅರ್ಥ. ಪದ ಸಾಲದು, ದಿನಕ್ಕೆ ಇಪ್ಪತ್ತು ಬರೆದು ಬಾಯಿಪಾಠ ಮಾಡು ಎಂದು ಯಾರೋ ಹೇಳಿದ್ದರಂತೆ. ಹುಡುಗ ನಿಘಂಟಿನ ಮೊದಲ ಪುಟದಿಂದಲೇ ಆರಂಭಿಸಿದ್ದ. ಅಬಾಂಡನ್, ಅಬೇಟ್, ಅಬಾಮಿನಬಲ್ ಎಂದು ಸಾಗಿ ಮೂರು ತಿಂಗಳಲ್ಲಿ 'ಸಿ' ಅಕ್ಷರದ ನಡುವಿಗೆ ಬಂದಿದ್ದ. ನಾವು ಅವನ ಭೌತಶಾಸ್ತ್ರದ ಪುಸ್ತಕವನ್ನು ತೆರೆದು ನ್ಯೂಟನ್ನನ ಮೊದಲನೆಯ ನಿಯಮವನ್ನು ಓದಿಸಿದೆವು. ಒಂದು ಪದದ ಮೇಲೆ ಬೆರಳಿಟ್ಟು ನಿಂತುಬಿಟ್ಟ. ಆ ಪದ 'ಅನ್‌ಲೆಸ್'. ಅದೇ ನಿಯಮವನ್ನು ಕನ್ನಡದಲ್ಲಿ ಹೇಳು ಎಂದೆವು. ಬಾಹ್ಯ ಬಲ ವರ್ತಿಸದ ಹೊರತು ನಿಶ್ಚಲ ವಸ್ತು ನಿಶ್ಚಲವಾಗಿಯೂ ಚಲಿಸುವ ವಸ್ತು ಏಕರೂಪವಾಗಿ ಸರಳರೇಖೆಯಲ್ಲಿ ಚಲಿಸುತ್ತಲೂ ಇರುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ನ್ಯೂಟನ್ ಅವನಿಗೆ ಗೊತ್ತಿದ್ದ. ಗೊತ್ತಿಲ್ಲದೆ ಇದ್ದದ್ದು 'ಹೊರತು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದು ಮಾತ್ರ. ಆ ಪದ ನಿಘಂಟಿನ ಕೊನೆಯ ಭಾಗದಲ್ಲಿದೆ. ಅವನು ಹೊರಟ ದಾರಿಯಲ್ಲಿ ಅಲ್ಲಿಗೆ ತಲುಪಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಗುತ್ತಿತ್ತು.

ಈ ಹುಡುಗನನ್ನು ದಡ್ಡನೆಂದು ಯಾರು ಹೇಳಬಲ್ಲರು? ದಡ್ಡತನವೇನಾದರೂ ಇದ್ದರೆ ಅದು, ಹತ್ತು ವರ್ಷ ಶಾಲೆಯಲ್ಲಿ ಕೂರಿಸಿಕೊಂಡು, ಯಾವ ಪದ ಮೊದಲು ಬೇಕು, ಯಾವುದು ಆಮೇಲೆ ಬಂದರೂ ಸರಿ ಎಂಬ ಸಾಮಾನ್ಯ ವಿವೇಕವನ್ನೂ ಅವನಿಗೆ ಹೇಳಿಕೊಡದ ನಮ್ಮ ವ್ಯವಸ್ಥೆಯದು.

ಇಂಗ್ಲಿಷಿನ ದೊಡ್ಡ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅಷ್ಟನ್ನೂ ಬಲ್ಲ ಇಂಗ್ಲಿಷಿನವನು ಯಾವ ಊರಲ್ಲಿಯೂ ಇಲ್ಲ. ಯಾವ ಭಾಷೆಯಲ್ಲಾದರೂ ಕೆಲವು ಪದಗಳು ದಿನಕ್ಕೆ ನೂರು ಸಲ ಬರುತ್ತವೆ, ಬಹುಪಾಲು ಪದಗಳು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಹೀಗಾಗಿ ಪದಗಳನ್ನು ಅಕ್ಷರಾನುಕ್ರಮದಲ್ಲಿ ಕಲಿಯುವುದು, ಸಂತೆಗೆ ಹೋಗಿ ಅಕ್ಕಿ ಬೇಳೆ ಬಿಟ್ಟು ಮೊದಲ ಅಂಗಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೊಂಡು ಜೇಬು ಖಾಲಿ ಮಾಡಿಕೊಂಡಂತೆ.

ಈ ವಿಚಾರವನ್ನು ಕ್ರಮವಾಗಿ ಯೋಚಿಸಿದವರಲ್ಲಿ ಒಬ್ಬರು ನಮ್ಮ ದೇಶದಲ್ಲಿಯೇ ಕೆಲಸ ಮಾಡಿದವರು. ಮೈಕೇಲ್ ವೆಸ್ಟ್ ಎಂಬ ಆಂಗ್ಲರು ಅವಿಭಜಿತ ಬಂಗಾಳದ ಢಾಕಾದಲ್ಲಿ ಉಪಾಧ್ಯಾಯರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದರು. ಬಂಗಾಳದ ಹುಡುಗರು ಇಂಗ್ಲಿಷ್ ಕಲಿಯುವ ಬಗೆಯನ್ನು ಕುರಿತು 1926ರಲ್ಲಿ ಅವರ ಒಂದು ಗ್ರಂಥ ಪ್ರಕಟವಾಯಿತು. ಅವರು ಕಂಡದ್ದು ಇಷ್ಟು: ಶಾಲೆಗೆ ಸೇರಿದ ಮಕ್ಕಳಲ್ಲಿ ಬಹುಮಂದಿ ಕೊನೆಯ ತರಗತಿಯನ್ನು ಮುಟ್ಟುವುದಿಲ್ಲ, ಆದರೆ ಪಾಠಗಳೆಲ್ಲ ಕೊನೆ ಮುಟ್ಟುವ ಕೆಲವರಿಗಾಗಿಯೇ ರಚಿತವಾಗಿವೆ. ವಿಮೆಯ ಪಾಲಿಸಿಯನ್ನು ಅವಧಿಗೆ ಮುಂಚೆ ಬಿಟ್ಟುಕೊಟ್ಟರೂ ಕಟ್ಟಿದವನಿಗೆ ಒಂದಿಷ್ಟು ಹಣ ಕೈಗೆ ಬರುತ್ತದೆ. ಶಾಲೆಯನ್ನು ನಡುವೆ ಬಿಟ್ಟ ಹುಡುಗನ ಕೈಗೆ ಅವನು ಕಲಿತ ಇಂಗ್ಲಿಷಿನಿಂದ ಏನು ಬರುತ್ತದೆ? ವೆಸ್ಟರು ಕೇಳಿದ ಪ್ರಶ್ನೆ ಇದು. ಏನೂ ಬರುವುದಿಲ್ಲವೆಂದರೆ ಅವನು ಕಟ್ಟಿದ ಕಂತೆಲ್ಲ ಮುಳುಗಿತು ಎಂದೇ ಅರ್ಥ. ಅವರು ವಸಾಹತು ಸರ್ಕಾರದ ಅಧಿಕಾರಿಗಳಾಗಿದ್ದರು, ಸಮಾಜವಾದಿಗಳಲ್ಲ. ಆದರೆ ಆ ಪ್ರಶ್ನೆಯನ್ನು ಬಡವರ ಪರವಾಗಿರುವ ಪ್ರತಿಯೊಬ್ಬರೂ ಇಂದಿಗೂ ಕೇಳಬೇಕು.

ಇಂಥ ಯೋಚನೆಯ ಫಲವಾಗಿ 1953ರಲ್ಲಿ ವೆಸ್ಟರ ಸಂಪಾದಕತ್ವದಲ್ಲಿ ಸುಮಾರು 2,000 ಮುಖ್ಯ ಪದಗಳ ಒಂದು ಪಟ್ಟಿ ಹೊರಬಂತು. ಸಾಮಾನ್ಯ ಬರವಣಿಗೆಯಲ್ಲಿ ನೂರಕ್ಕೆ ಸುಮಾರು 80 ಪದಗಳು ಈ ಎರಡು ಸಾವಿರದೊಳಗಿನವೇ ಎಂದು ಆಮೇಲಿನ ಲೆಕ್ಕಗಳಿಂದ ತಿಳಿದುಬಂದಿದೆ. ಕಾಲೇಜಿನ ಪುಸ್ತಕಗಳಲ್ಲಿ, ಶಾಸ್ತ್ರ ಯಾವುದಾದರೂ ಆಗಲಿ, ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸೆ 2000ದಲ್ಲಿ ಆರಿಸಿ ಕೊಟ್ಟರು. ಅಸ್ಯೂಮ್, ಡಿರೈವ್, ಫ್ಯಾಕ್ಟರ್, ಹೆನ್ಸ್ ಮೊದಲಾದವು ಅದರಲ್ಲಿವೆ. ಕಾಲೇಜು ಮಟ್ಟದ ಬರವಣಿಗೆಯಲ್ಲಿ ನೂರಕ್ಕೆ ಸುಮಾರು 10 ಪದಗಳು ಇವು. ಎರಡೂ ಸೇರಿದರೆ ಪುಟದ ಬಹುಭಾಗ ತೆರೆದುಕೊಳ್ಳುತ್ತದೆ. ಉಳಿಯುವುದು ಆಯಾ ಶಾಸ್ತ್ರದ ಪರಿಭಾಷೆ, ಹೆಸರುಗಳು, ಅಪರೂಪದ ಪದಗಳು.

ಲೆಕ್ಕವನ್ನು ಇನ್ನೊಂದು ಕಡೆಯಿಂದ ಹಾಕಿ ನೋಡೋಣ. 300 ಪದಗಳ ಒಂದು ಪುಟದಲ್ಲಿ ನೂರಕ್ಕೆ 80 ಪದ ಗೊತ್ತಿದ್ದವನಿಗೆ 60 ಪದ ತಿಳಿಯದು. ಅರವತ್ತು ಸಲ ನಿಘಂಟು ತೆರೆಯುವ ತಾಳ್ಮೆ ಯಾವ ಋಷಿಗೂ ಇರಲಾರದು. ಹುಡುಗ ಪುಸ್ತಕವನ್ನೇ ಮುಚ್ಚಿಡುತ್ತಾನೆ. ನೂರಕ್ಕೆ 95 ಗೊತ್ತಿದ್ದರೆ ತಿಳಿಯದವು 15. ನೂರಕ್ಕೆ 98 ಗೊತ್ತಿದ್ದರೆ 6 ಮಾತ್ರ. ಅವನ್ನು ಸಂದರ್ಭದಿಂದಲೇ ಊಹಿಸಿ ಮುಂದೆ ಹೋಗಬಹುದು. ಬೇರೆಯವರ ನೆರವಿಲ್ಲದೆ ನಿರಾಯಾಸವಾಗಿ ಓದಲು ಈ 98ರ ಮಟ್ಟ ಬೇಕೆಂದು ಭಾಷಾಬೋಧನೆಯ ತಜ್ಞರು ಹೇಳುತ್ತಾರೆ. ಶ್ರೀಮಂತರ ಮಗುವಿಗೂ ಕೂಲಿಯ ಮಗುವಿಗೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಈ ಅರವತ್ತಕ್ಕೂ ಆರಕ್ಕೂ ನಡುವೆ.

ಆ ವ್ಯತ್ಯಾಸ ಹುಟ್ಟುವುದು ಎಲ್ಲಿ? ಇಂಗ್ಲಿಷ್ ಬಲ್ಲ ಮನೆಯ ಮಗುವಿಗೆ ಆ ಎರಡು ಸಾವಿರ ಪದಗಳು ಊಟದ ಮನೆಯಲ್ಲಿ, ಕಾರಿನಲ್ಲಿ, ಕಥೆಪುಸ್ತಕದಲ್ಲಿ ಪುಕ್ಕಟೆಯಾಗಿ ಬರುತ್ತವೆ. ತಾತನ ಆಸ್ತಿಯ ಹಾಗೆ, ದುಡಿಯದೆ ಬಂದ ಪಿತ್ರಾರ್ಜಿತ ಅದು. ಹಳ್ಳಿಯ ಮಗುವಿಗೆ ಇಂಗ್ಲಿಷ್ ಇರುವುದು ದಿನಕ್ಕೊಂದು ಪೀರಿಯಡ್ಡಿನಲ್ಲಿ, ಅದೂ ಮೇಷ್ಟ್ರು ಬಂದ ದಿನ. ಆಮೇಲೆ ಇಬ್ಬರನ್ನೂ ಒಂದೇ ಪ್ರಶ್ನೆಪತ್ರಿಕೆಯ ಮುಂದೆ ಕೂರಿಸಿ, ಗೆದ್ದವನಿಗೆ ಯೋಗ್ಯತೆಯಿದೆ ಎನ್ನುತ್ತೇವೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಈ ರಾಜ್ಯದಲ್ಲಿ ಉಳುವವನು ಹೊಲದೊಡೆಯನಾದ. ಭೂಮಿಯನ್ನು ಹಂಚಿದರೆ ಒಬ್ಬನದು ಕಡಿಮೆಯಾಗಿ ಇನ್ನೊಬ್ಬನದು ಹೆಚ್ಚಾಗುತ್ತದೆ, ಆದ್ದರಿಂದ ಜಗಳವಾಯಿತು. ಪದಗಳನ್ನು ಹಂಚಿದರೆ ಯಾರದ್ದೂ ಕಡಿಮೆಯಾಗುವುದಿಲ್ಲ. ಆದರೂ ಹಂಚಿಕೆ ಆಗಿಲ್ಲ.

ನಮ್ಮ ಹಳೆಯ ಮಿತ್ರರು ಕೆಲವರು ಇಲ್ಲಿ ಹುಬ್ಬುಗಂಟಿಕ್ಕಬಹುದು. ಡಾ. ಲೋಹಿಯಾ ಇಂಗ್ಲಿಷನ್ನು ತೊಲಗಿಸಿ ಎಂದು ಹೋರಾಡಿದವರು. ಸಮಾಜವಾದಿ ಪತ್ರಿಕೆ ಈಗ ಇಂಗ್ಲಿಷ್ ಪದಗಳನ್ನು ಹಂಚಲು ಹೊರಟಿತೇ, ಎಂದು ಕೇಳಬಹುದು. ಲೋಹಿಯಾ ಬರ್ಲಿನ್ನಿಗೆ ಹೋಗಿ ಜರ್ಮನ್ ಕಲಿತು ಅಲ್ಲಿ ಡಾಕ್ಟರೇಟ್ ಪಡೆದವರು. 1956ರಲ್ಲಿ 'ಮ್ಯಾನ್‌ಕೈಂಡ್' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದವರು. ಅವರ ಸಿಟ್ಟು ಪರಭಾಷೆಯ ಜ್ಞಾನದ ಮೇಲೆ ಇರಲಿಲ್ಲ. ಆಡಳಿತದಲ್ಲಿ, ನ್ಯಾಯಾಲಯದಲ್ಲಿ, ಶಿಕ್ಷಣ ಮಾಧ್ಯಮದಲ್ಲಿ ಇಂಗ್ಲಿಷ್ ಕೂತಿರುವ ಪೀಠದ ಮೇಲೆ ಇತ್ತು. ಆ ಪೀಠದಿಂದ ಅದು ಇಳಿಯಬೇಕೆಂಬ ಮಾತಿನಲ್ಲಿ ನಮಗೂ ಎರಡು ಅಭಿಪ್ರಾಯವಿಲ್ಲ. ಈ ರಾಜ್ಯದ ಆಡಳಿತ ಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಆದರೆ ಇಂದಿಗೂ ರೈತ ಸಾಲಕ್ಕೆಂದು ಬ್ಯಾಂಕಿಗೆ ಹೋದರೆ 'ಹೈಪಾಥಿಕೇಶನ್' ಎಂಬ ತಲೆಬರಹದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುವುದುಂಟು. ಟ್ರ್ಯಾಕ್ಟರು ತನ್ನ ಕೈಯಲ್ಲೇ ಇದ್ದರೂ ಬ್ಯಾಂಕಿನ ಹೆಸರಿಗೆ ಆಧಾರವಾಯಿತು ಎಂಬ ಅರ್ಥ ಅವನಿಗೆ ಜಪ್ತಿಯ ದಿನ ತಿಳಿಯುತ್ತದೆ. ಆ ಕಾಗದ ಕನ್ನಡದಲ್ಲಿ ಬರಲೇಬೇಕು. ಬರುವ ತನಕ ರೈತನ ಮಗಳಿಗೆ ಆ ಪದ ತಿಳಿಯದಿರಲಿ ಎನ್ನುವುದು ಮಾತ್ರ ಯಾವ ಸಮಾಜವಾದವೂ ಅಲ್ಲ. ಪೀಠ ಇಳಿಸುವ ಹೋರಾಟ ದೊಡ್ಡದು, ನಡೆಯುತ್ತಲೇ ಇರಲಿ. ನಮ್ಮ ಮಕ್ಕಳನ್ನು ಬರಿಗೈಯಲ್ಲಿ ನಿಲ್ಲಿಸಿ ಅದನ್ನು ನಡೆಸುವುದು ಬೇಡ.

ಇನ್ನೊಂದು ಕಡೆಯ ಮಿತ್ರರೂ ಇದ್ದಾರೆ. ಮಗುವನ್ನು ಮೊದಲಿನಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಎಲ್ಲವೂ ಸರಿಹೋದೀತು ಎನ್ನುವವರು ಅವರು. 2007ರಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ ಬಂತು. ಮಾಧ್ಯಮವನ್ನು ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲವೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಬೋರ್ಡು ಬದಲಾಯಿಸುವುದು ಸುಲಭ. ಮನೆಯಲ್ಲಿಯೂ ಬೀದಿಯಲ್ಲಿಯೂ ಕೇಳದ ಭಾಷೆಯಲ್ಲಿ ಲೆಕ್ಕ, ವಿಜ್ಞಾನ ಎಲ್ಲವನ್ನೂ ತುರುಕಿದರೆ ಮಗುವಿಗೆ ಪದವೂ ದಕ್ಕುವುದಿಲ್ಲ, ಅರ್ಥವೂ ದಕ್ಕುವುದಿಲ್ಲ. ನಮ್ಮ ಕಚೇರಿಗೆ ಬಂದ ಹುಡುಗನ ಬಳಿ ಕೊನೆಯಪಕ್ಷ ನ್ಯೂಟನ್ ಇದ್ದ. ಕನ್ನಡದಲ್ಲಿ ಗಟ್ಟಿಯಾಗಿ ಕುಳಿತ ಅರ್ಥಕ್ಕೆ ಇಂಗ್ಲಿಷಿನ ಹೆಸರು ಕಟ್ಟುವುದು ಕೆಲವು ತಿಂಗಳ ಕೆಲಸ. ಅರ್ಥವೇ ಇಲ್ಲದೆ ಬಾಯಿಪಾಠವಾದ ಹೆಸರಿಗೆ ಅರ್ಥ ಹುಡುಕುವುದು ವರ್ಷಗಳ ಕೆಲಸ.

ಕನ್ನಡದಲ್ಲಿ ಓದಿದವನ ಕೈಯಲ್ಲಿ ಎಷ್ಟು ಬೀಗದ ಕೈಗಳಿವೆ ಎಂಬುದು ಅವನಿಗೇ ತಿಳಿದಿಲ್ಲ. ದೂರದರ್ಶಕವೆಂದರೆ ಟೆಲಿಸ್ಕೋಪ್: 'ಟೆಲಿ' ದೂರ, 'ಸ್ಕೋಪ್' ನೋಡುವುದು. ಸೂಕ್ಷ್ಮದರ್ಶಕ ಮೈಕ್ರೋಸ್ಕೋಪ್. 'ಮೈಕ್ರೋ' ಸೂಕ್ಷ್ಮವೆಂದು ತಾನೇ ತಿಳಿಯಿತು. ಜೀವಶಾಸ್ತ್ರ ಬಯಾಲಜಿ. ದ್ಯುತಿಸಂಶ್ಲೇಷಣೆ ಫೋಟೊಸಿಂಥೆಸಿಸ್: ಬೆಳಕಿಗೆ ಬೆಳಕು, ಕೂಡಿಸುವುದಕ್ಕೆ ಕೂಡಿಸುವುದು, ತಕ್ಕಡಿಯಲ್ಲಿ ತೂಗಿದ ಹಾಗಿದೆ. ಇಂಗ್ಲಿಷಿನವರು ಗ್ರೀಕಿನಿಂದ ಕಟ್ಟಿದ್ದನ್ನು ನಮ್ಮವರು ಸಂಸ್ಕೃತದಿಂದ ಕಟ್ಟಿದರು, ಅಷ್ಟೆ. ಇಂಥ ಮೂವತ್ತು ನಾಲ್ವತ್ತು ತುಂಡುಗಳನ್ನು ಜೋಡಿಸಿ ತೋರಿಸಿದರೆ ನೂರಾರು ಪಾರಿಭಾಷಿಕ ಪದಗಳು ಒಮ್ಮೆಗೇ ಬಾಯಿಬಿಡುತ್ತವೆ.

ಓದದವರ ಮನೆಯಲ್ಲಿಯೂ ಇಂಗ್ಲಿಷ್ ಪದಗಳಿಲ್ಲದೆ ಇಲ್ಲ. ಸ್ಟಾರ್ಟರು, ಮೋಟಾರು, ಬೋರ್‌ವೆಲ್ಲು, ಸೊಸೈಟಿ, ಕುಕ್ಕರು, ಕಂಡಕ್ಟರು. 'ಬೋರ್' ಎಂದರೆ ಕೊರೆಯುವುದು, 'ವೆಲ್' ಎಂದರೆ ಬಾವಿ ಎಂದು ನಮ್ಮ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ? ಬಸ್ಸಿನ ಕಂಡಕ್ಟರನ್ನು ಕನ್ನಡದಲ್ಲಿ ನಿರ್ವಾಹಕ ಎನ್ನುತ್ತೇವೆ. ಶಾಖವನ್ನೂ ವಿದ್ಯುತ್ತನ್ನೂ ಒಯ್ಯುವ ತಾಮ್ರದ ತಂತಿ ವಾಹಕ, ಅದೂ ಇಂಗ್ಲಿಷಿನಲ್ಲಿ ಕಂಡಕ್ಟರೇ. ಕುಕ್ಕರಿನ 'ಪ್ರೆಷರ್' ಭೌತಶಾಸ್ತ್ರದ ಒತ್ತಡವೇ. ಮಗುವಿನ ಅಡುಗೆಮನೆಯಿಂದಲೂ ಪಂಪ್‌ಸೆಟ್ಟಿನ ಗುಡಿಸಲಿನಿಂದಲೂ ಪಾಠ ಆರಂಭಿಸಬಹುದು. ಜೊತೆಗೆ ಎಚ್ಚರಿಕೆಯನ್ನೂ ಹೇಳಬೇಕು. ನಾವು 'ಕರೆಂಟ್ ಹೋಯಿತು' ಎನ್ನುವಲ್ಲಿ ಅವರು 'ಪವರ್' ಎನ್ನುತ್ತಾರೆ. ನಾವು ತಿಂಡಿ ತಿನ್ನಲು ಹೋಗುವ 'ಹೋಟೆಲು' ಅವರಿಗೆ ತಂಗುವ ಸ್ಥಳ.

ಪದವನ್ನು ಒಂಟಿಯಾಗಿ ಕಲಿಯುವುದರಲ್ಲಿಯೂ ಅಪಾಯವಿದೆ. ನಾವು ಬಟ್ಟೆ ಒಗೆಯುತ್ತೇವೆ, ಕೈ ತೊಳೆಯುತ್ತೇವೆ. ಇಂಗ್ಲಿಷಿನವನಿಗೆ ಎರಡಕ್ಕೂ 'ವಾಷ್' ಒಂದೇ. ಕನ್ನಡ ಕಲಿಯುವ ಪರದೇಶಿಯೊಬ್ಬ 'ಕೈ ಒಗೆದೆ' ಎಂದರೆ ನಗುತ್ತೇವೆ. ಹಾಗೆಯೇ ಇಂಗ್ಲಿಷಿನಲ್ಲಿ ಗಾಳಿ 'ಸ್ಟ್ರಾಂಗ್', ಮಳೆ 'ಹೆವಿ'. ಹುಡುಗರು 'ಸ್ಟ್ರಾಂಗ್ ರೇನ್' ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಆದ್ದರಿಂದ ಪದವನ್ನು ಅದರ ಜೊತೆಗಾರನೊಂದಿಗೆ, ಒಂದು ಚಿಕ್ಕ ವಾಕ್ಯದಲ್ಲಿಟ್ಟು ಕಲಿಯಬೇಕು. 'ಡಿಸೈಡ್' ಕಲಿತ ದಿನವೇ 'ಡಿಸಿಷನ್' ಕೂಡ ಕಲಿತರೆ ಒಂದು ಶ್ರಮಕ್ಕೆ ಎರಡು ಫಲ.

ಕಲಿತದ್ದು ಮರೆಯುತ್ತದಲ್ಲ ಎಂಬುದು ಎಲ್ಲ ವಿದ್ಯಾರ್ಥಿಗಳ ಗೋಳು. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆನೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಬಹಳ ವೇಗವಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಒಂದೇ ರಾತ್ರಿ ನೂರು ಸಲ ಬರೆಯುವುದಕ್ಕಿಂತ, ಇಂದು, ನಾಳೆ, ನಾಲ್ಕು ದಿನ ಬಿಟ್ಟು, ಹದಿನೈದು ದಿನ ಬಿಟ್ಟು, ಹೀಗೆ ಅಂತರ ಹೆಚ್ಚಿಸುತ್ತ ನೆನಪು ಮಾಡಿಕೊಳ್ಳುವುದು ಮೇಲು. ಸೆಬಾಸ್ಟಿಯನ್ ಲೈಟ್ನರ್ ಎಂಬ ಇನ್ನೊಬ್ಬ ಜರ್ಮನ್ ಪತ್ರಕರ್ತ 1972ರಲ್ಲಿ ಇದಕ್ಕೊಂದು ಸರಳ ಉಪಾಯ ಹೇಳಿದ. ಚೀಟಿಯ ಒಂದು ಮಗ್ಗುಲಲ್ಲಿ ಪದ, ಇನ್ನೊಂದು ಮಗ್ಗುಲಲ್ಲಿ ಅರ್ಥ ಮತ್ತು ವಾಕ್ಯ; ಐದು ಅಂಕಣಗಳ ಒಂದು ಪೆಟ್ಟಿಗೆ. ಸರಿಯಾಗಿ ಹೇಳಿದ ಚೀಟಿ ಮುಂದಿನ ಅಂಕಣಕ್ಕೆ, ತಪ್ಪಿದ್ದು ಮತ್ತೆ ಮೊದಲಿನದಕ್ಕೆ. ಮೊದಲ ಅಂಕಣವನ್ನು ದಿನವೂ ನೋಡುವುದು, ಕೊನೆಯದನ್ನು ಅಪರೂಪಕ್ಕೆ. ಇದೇ ಕೆಲಸವನ್ನು ಈಗ ಫೋನುಗಳೂ ಮಾಡುತ್ತವೆ, ಫೋನಿದ್ದವರು ಹಾಗೆಯೇ ಮಾಡಲಿ. ಇಲ್ಲದವರಿಗೆ ಹಳೆಯ ಲಗ್ನಪತ್ರಿಕೆ, ಒಂದು ರಟ್ಟಿನ ಡಬ್ಬ ಸಾಕು.

ದಿನಕ್ಕೆ ಐದೇ ಪದ ಎಂದುಕೊಳ್ಳೋಣ. ವರ್ಷಕ್ಕೆ 200 ಶಾಲಾ ದಿನವೆಂದರೂ ಸಾವಿರವಾಯಿತು. ಎಂಟು, ಒಂಬತ್ತು, ಹತ್ತು, ಈ ಮೂರು ತರಗತಿಗಳಲ್ಲಿ 3,000. ಅದರಲ್ಲಿ ಕೆಲವು ನೂರು ಮರೆತರೂ ಮೊದಲ ಎರಡು ಸಾವಿರವೂ ಕಾಲೇಜಿಗೆ ಬೇಕಾದ ಆ ಐನೂರ ಎಪ್ಪತ್ತೂ ಕೈಯಲ್ಲಿ ಉಳಿಯುತ್ತವೆ. ಇದು ಪವಾಡವಲ್ಲ, ಕೂಡುವ ಲೆಕ್ಕ. ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆಂದು ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಬರೆಸಿ ಸಾವಿರಾರು ರೂಪಾಯಿ ಕೀಳುವವರ ಪವಾಡವನ್ನು ನಂಬುವ ಬದಲು ಇದನ್ನು ನಂಬುವುದು ಒಳ್ಳೆಯದು.

ವಿದ್ಯಾ ಇಲಾಖೆಯನ್ನು ನಾವು ಕೇಳುವುದು ಹೆಚ್ಚಲ್ಲ. ಎಂಟನೆಯ ತರಗತಿಯ ಪಠ್ಯಪುಸ್ತಕಗಳ ಜೊತೆ ಈ ಎರಡು ಸಾವಿರ ಪದಗಳ ಕಿರುಪುಸ್ತಕವೊಂದು, ಕನ್ನಡ ಅರ್ಥ ಮತ್ತು ತಲಾ ಒಂದು ವಾಕ್ಯದೊಂದಿಗೆ, ಪ್ರತಿ ಮಗುವಿಗೂ ಉಚಿತವಾಗಿ ಸಿಗಲಿ. ಪಿ.ಯು.ಸಿ. ವಿಜ್ಞಾನದ ಪ್ರತಿ ಪಠ್ಯದ ಕೊನೆಯಲ್ಲಿ ಹತ್ತನೆಯ ತರಗತಿಯ ಕನ್ನಡ ಪರಿಭಾಷೆಗೂ ಇಂಗ್ಲಿಷ್ ಪರಿಭಾಷೆಗೂ ಸೇತುವೆಯಾಗುವ ಪದಕೋಶವಿರಲಿ. ಮೊದಲ ತಿಂಗಳನ್ನು ಆ ಸೇತುವೆ ದಾಟಿಸುವುದಕ್ಕೇ ಮೀಸಲಿಡಲಿ. ಇದು ಅಸಾಧ್ಯವೇನಲ್ಲ. ಪಾದ್ರಿ ಕಿಟ್ಟೆಲ್ 1894ರಲ್ಲಿ, ಇಂದಿನ ಯಾವ ಸೌಕರ್ಯವೂ ಇಲ್ಲದೆ, ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದಿತು. ಸ್ವತಂತ್ರ ದೇಶದ ಸರ್ಕಾರಕ್ಕೆ ಒಂದು ಕಿರುಪುಸ್ತಕ ಭಾರವೇ?

ಗ್ರಂಥಾಲಯಗಳ ಮಾತೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನ ಪ್ರಕಾರ ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಸೇರಿಸಿ ವಸೂಲು ಮಾಡುತ್ತಾರೆ. ಗುಡಿಸಲಿನವನೂ ಕೊಡುತ್ತಾನೆ. ಹಳ್ಳಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರವೆಂದು ಹೆಸರಿಟ್ಟಿದ್ದಾರೆ. ಹೆಸರಿಗೆ ತಕ್ಕಂತೆ ಅಲ್ಲೊಂದು ಒಳ್ಳೆಯ ನಿಘಂಟೂ, ಮಿತವಾದ ಪದಗಳಲ್ಲಿ ಬರೆದ ಸುಲಭ ಕಥೆಪುಸ್ತಕಗಳೂ ಇರಲಿ. ಪದಗಳು ಬೇರೂರುವುದು ಪಟ್ಟಿಯಿಂದಲ್ಲ, ಓದಿನಿಂದ. ನಮ್ಮ ವಾಚಕರು ತಮ್ಮ ತಮ್ಮ ಊರಿನ ಕೇಂದ್ರಕ್ಕೆ ಹೋಗಿ ನೋಡಿ, ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು.

ಉಪಾಧ್ಯಾಯ ಮಿತ್ರರಲ್ಲಿಯೂ ಒಂದು ವಿನಂತಿ. ತಪ್ಪು ಉಚ್ಚರಿಸಿದ ಮಗುವನ್ನು ನೋಡಿ ತರಗತಿ ನಕ್ಕಾಗ ತಾವೂ ನಗಬೇಡಿ. ಒಮ್ಮೆ ನಗೆಗೀಡಾದ ಪದವನ್ನು ಮಗು ಮತ್ತೆ ಬಾಯಿಗೆ ತರುವುದಿಲ್ಲ. ಇಂಗ್ಲಿಷ್ ನಮ್ಮ ಯಾರ ಮನೆಯ ಭಾಷೆಯೂ ಅಲ್ಲ. ಅದರಲ್ಲಿ ಎಡವುವುದು ಅವಮಾನವಲ್ಲ.

ನಾವು ಬರೀ ಉಪದೇಶ ಮಾಡಿ ಮುಗಿಸಬಾರದಷ್ಟೆ. ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ಕೊನೆಯ ಪುಟದಲ್ಲಿ ವಾರಕ್ಕೆ 25 ಪದಗಳನ್ನು ಅರ್ಥ ಮತ್ತು ವಾಕ್ಯದೊಂದಿಗೆ ಅಚ್ಚು ಮಾಡುತ್ತೇವೆ. ಎಂಬತ್ತು ವಾರಗಳಲ್ಲಿ ಎರಡು ಸಾವಿರ ಮುಗಿಯುತ್ತದೆ. ನಮ್ಮ ಮುದ್ರಣಾಲಯದಲ್ಲಿ ಲಗ್ನಪತ್ರಿಕೆಗಳನ್ನು ಕತ್ತರಿಸಿ ಉಳಿದ ಕಾರ್ಡಿನ ಚೂರುಗಳು ಮೂಟೆಗಟ್ಟಲೆ ಇವೆ. ಬೇಕಾದ ವಿದ್ಯಾರ್ಥಿಗಳು ಬಂದು ಒಯ್ಯಬಹುದು, ದುಡ್ಡು ಕೊಡಬೇಕಾಗಿಲ್ಲ.

ಆ ಹುಡುಗನಿಗೆ ನಾವು ಕೆಲಸ ಕೊಡಲಿಲ್ಲ. ಒಂದು ಕಟ್ಟು ಚೂರುಗಳನ್ನು ಕೊಟ್ಟು, ಮೊದಲನೆಯದರ ಮೇಲೆ 'ಅನ್‌ಲೆಸ್' ಎಂದು ಅವನ ಕೈಯಲ್ಲೇ ಬರೆಸಿ, ಹಿಂದೆ 'ಹೊರತು' ಎಂದು ಬರೆಸಿ ಕಳುಹಿಸಿದೆವು. ಕಾಲೇಜಿಗೆ ಹೋಗುತ್ತಿದ್ದಾನೆಂದು ಮೊನ್ನೆ ಅವನ ಊರಿನ ಕಡೆಯವರು ತಿಳಿಸಿದರು. ಒಬ್ಬ ಉಳಿದ ಎಂದು ಸಮಾಧಾನ ಪಡುವಂತಿಲ್ಲ. ನಮ್ಮ ಕಚೇರಿಯ ಮೆಟ್ಟಿಲು ಹತ್ತದೆ ನೇರವಾಗಿ ಗಾರೆ ಕೆಲಸಕ್ಕೆ ಹೋದವರೆಷ್ಟು ಮಂದಿಯೋ. ಅವರ ಲೆಕ್ಕವನ್ನು ಇಲಾಖೆ ಕೊಡಬೇಕು.